ಬೇಳೆಗೆ ಎರಡು ಗೇಣು

ಹೋದ ಭಾನುವಾರ ನಮ್ಮ ಮನೆಯಲ್ಲಿ ಬೇಳೆ ಸೀಯಿತು. ಸೀದ ಬೇಳೆಯ ವಾಸನೆ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದು ಅಡುಗೆಮನೆಯಿಂದ ಹೊರಟು ನಡುಮನೆಯ ಪರದೆಗೆ ಅಂಟಿಕೊಂಡು, ಒಗೆದು ಮಡಿಸಿಟ್ಟ ಬಟ್ಟೆಯೊಳಗೂ ನುಗ್ಗಿ, ಬೇಡದ ನೆಂಟರ ಹಾಗೆ ಮಂಗಳವಾರದವರೆಗೂ ಉಳಿದುಬಿಡುತ್ತದೆ. ನಾನು ಪೇಪರು ಬಿಸಾಕಿ ಓಡಿದೆ. ಕುಕ್ಕರು ಒಲೆಯ ಮೇಲೆ ಏದುಸಿರು ಬಿಡುತ್ತಿತ್ತು. ಅದರಿಂದ ಒಂದು ಮಾರು ದೂರದಲ್ಲಿ ನನ್ನ ಸೊಸೆ ಚೈತ್ರ, ಎರಡೂ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ಅಕ್ಕಿ ಡಬ್ಬಕ್ಕೆ ಪುಸ್ತಕ ಒರಗಿಸಿ, ಯಾರೋ ಮೇಷ್ಟ್ರು ಹೇಳುವ ಸಂವಿಧಾನದ ಪಾಠ ಕೇಳುತ್ತ ನಿಂತಿದ್ದಳು. ವಾರದಲ್ಲಿ ಆರು ದಿನ ದೇವನಹಳ್ಳಿಗೆ ಹೋಗಿ ಬಂದು ಕೆಲಸ ಮಾಡುವ ಹುಡುಗಿ. ಏಳನೆಯ ದಿನ ಸರ್ಕಾರಿ ಪರೀಕ್ಷೆಗೆ ಓದು.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಸರ್ಕಾರ ನನ್ನನ್ನು ನಿವೃತ್ತಿ ಮಾಡಿತು, ನನ್ನ ಬಾಯಿಯನ್ನು ಮಾಡಲಿಲ್ಲ. ಸೀದ ಪಾತ್ರೆಯನ್ನು ಕೆರೆಯಬಾರದು, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಬೇಕು, ಒಂದು ಈರುಳ್ಳಿ ಸೀಳಿ ಅದರಲ್ಲಿ ಹಾಕಿ ಮುಚ್ಚಿಟ್ಟರೆ ವಾಸನೆ ಹೀರಿಕೊಳ್ಳುತ್ತದೆ, ತಳಕ್ಕೆ ಹುಣಸೆಹಣ್ಣಿನ ನೀರು ಹಾಕಿ ಕುದಿಸಿದರೆ ಕರಿ ಬಿಡುತ್ತದೆ, ಎಲ್ಲಕ್ಕಿಂತ ಮೊದಲು ಒಲೆ ಮೇಲೆ ಏನಿದೆ ಅನ್ನುವುದು ತಲೆಯಲ್ಲಿರಬೇಕು ಎಂದು ಒಂದು ಪೀರಿಯಡ್ ತೆಗೆದುಕೊಂಡೆ. ಚೈತ್ರ ಒಂದು ಕಿವಿಯದನ್ನು ಮಾತ್ರ ತೆಗೆದು ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು:

"ಅತ್ತೆ, ನಿಮ್ ಕೈಲಿ ಯಾವತ್ತೂ ಸೀದೇ ಇಲ್ವಾ?"

"ಇಲ್ಲಪ್ಪ," ಅಂದೆ.

ಅದು ಸುಳ್ಳು. ಸೊಸೆಗೆ ಹೇಳಿದ ಸುಳ್ಳು ಒಂದು ವಾರದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ನಾನು ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಗೆ. ತವರು ಬೂದಿಗೆರೆ ಕಡೆ. ಅಲ್ಲಿ ಹಿತ್ತಿಲೇ ಒಂದು ಊರಿನಷ್ಟಿತ್ತು. ಒರಳಿಗೊಂದು ಜಾಗ, ಬೀಸುವ ಕಲ್ಲಿಗೊಂದು ಜಾಗ, ಜಗಳವಾಡಿದರೆ ಮುನಿಸಿಕೊಂಡು ಕೂರುವುದಕ್ಕೂ ಒಂದು ಜಾಗ. ಇಲ್ಲಿ ಬಂದು ನೋಡಿದರೆ ಮನೆ ಅನ್ನುವುದೇ ಮಗ್ಗ. ಮುಂದಿನ ದೊಡ್ಡ ಕೋಣೆಯನ್ನು ಪವರ್‌ಲೂಮು ನುಂಗಿಕೊಂಡಿತ್ತು. ಅದು ಉಳಿಸಿದ ಸಂದಿಯಲ್ಲಿ ಅತ್ತೆ, ಮಾವ, ನಮ್ಮನೆಯವರು, ನಾನು ಮತ್ತು ನಾನು ತಂದ ಎರಡು ಟ್ರಂಕು.

ಈಗ ಫೋನಿನಲ್ಲಿ ಯಾರ್‍ಯಾರೋ ಮನೆ ಓರಣ ಮಾಡುವ ಉಪಾಯಗಳನ್ನು ತೋರಿಸುತ್ತಾರಲ್ಲ, ನಾನೂ ನೋಡುತ್ತೇನೆ. ನೋಡುತ್ತ ನೋಡುತ್ತ ನಗು ಬರುತ್ತದೆ. ನಮ್ಮ ಅತ್ತೆಯ ಮುಂದೆ ಇವರೆಲ್ಲ ಒಂದನೇ ಕ್ಲಾಸು. ಬೆಳಗ್ಗೆ ಎದ್ದ ಕೂಡಲೇ ನಮ್ಮ ಹಾಸಿಗೆಗಳನ್ನು ಸುತ್ತಿ, ಹಳೆಯ ರಾಟೆಯೊಂದಕ್ಕೆ ಹಗ್ಗ ಕಟ್ಟಿ ಸೂರಿಗೆ ಎಳೆದುಬಿಡುತ್ತಿದ್ದರು. ಹಗಲೆಲ್ಲ ತಲೆ ಎತ್ತಿದರೆ ನನ್ನ ದಿಂಬು ನನ್ನನ್ನೇ ನೋಡುತ್ತಿತ್ತು. ಸವೆದ ಲಾಳಿಗಳು ಗೋಡೆಯಲ್ಲಿ ಟವೆಲು ನೇತುಹಾಕುವ ಗೂಟಗಳಾಗಿದ್ದವು. ಸ್ನಾನದ ನೀರು ಕಾಯಿಸಿ ಉಳಿದ ಕೆಂಡದಲ್ಲೇ ಗೆಣಸು, ಬದನೆಕಾಯಿ ಸುಡುತ್ತಿದ್ದರು. ಪವರ್‌ಲೂಮು ಬರುವ ಮೊದಲು ಆ ಮನೆಯಲ್ಲಿ ಕೈಮಗ್ಗವಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಬೇರೆಯವರೆಲ್ಲ ಮಣ್ಣು ತುಂಬಿ ಮುಚ್ಚಿದರೆ, ಅತ್ತೆ ಅದಕ್ಕೆ ಹಲಗೆ ಮುಚ್ಚಿ ಉಗ್ರಾಣ ಮಾಡಿಕೊಂಡಿದ್ದರು. ಈರುಳ್ಳಿ, ತೆಂಗಿನಕಾಯಿ, ಮಜ್ಜಿಗೆ ಗಡಿಗೆ ಎಲ್ಲ ಅದರೊಳಗೆ ತಣ್ಣಗಿರುತ್ತಿದ್ದವು. ಹಲಗೆಯ ಮೇಲೆ ಮಾವನ ಊಟದ ಜಾಗ.

ಮಾವ ಮಗ್ಗ ಬಿಟ್ಟು ಏಳಬಾರದೆಂದು ಅವರ ಕೈಗೆಟಕುವಲ್ಲಿ ಕಿಟಕಿಗೆ ಒಂದು ಮಣ್ಣಿನ ಹೂಜಿಯನ್ನೂ ಅತ್ತೆಯೇ ಕಟ್ಟಿದ್ದರು. ಈ ಹೂಜಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆದರೆ ಅತ್ತೆಯ ಉಪಾಯಗಳಲ್ಲೆಲ್ಲ ದೊಡ್ಡದು ಗಡಿಯಾರ. ಮಗ್ಗದ ಮನೆಯಲ್ಲಿ ಕುಕ್ಕರ್ ಇಟ್ಟು ಸೀಟಿ ಎಣಿಸಲು ಆಗುವುದಿಲ್ಲ. ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸದು, ಇನ್ನು ಸೀಟಿಯೆಲ್ಲಿ? ನಾವು ಮಾತಾಡುತ್ತಿದ್ದದ್ದೇ ಕೈಸನ್ನೆಯಲ್ಲಿ. ಗೋಡೆ ಗಡಿಯಾರ ಮಗ್ಗದ ಅದುರಿಗೆ ಎರಡು ಸಲ ಕಳಚಿ ಬಿದ್ದು, ಮೂರನೆಯ ಸಲ ಬೀಳುವ ಮೊದಲೇ ಟ್ರಂಕು ಸೇರಿತ್ತು. ಅದಕ್ಕೇ ಅತ್ತೆ ಸೀರೆಯನ್ನೇ ಗಡಿಯಾರ ಮಾಡಿಕೊಂಡಿದ್ದರು. ಕುಕ್ಕರ್ ಇಟ್ಟ ಕೂಡಲೇ ಅಡುಗೆಮನೆ ಬಾಗಿಲಲ್ಲಿ ನಿಂತು ಬೆರಳೆತ್ತುತ್ತಿದ್ದರು. ಮಾವ ಆಗಷ್ಟೇ ನೇಯ್ದ ಅಂಚಿಗೆ ಒಂದು ಚೂರು ಕೆಂಪು ದಾರ ಸಿಕ್ಕಿಸುತ್ತಿದ್ದರು. ನೇಯ್ದ ಬಟ್ಟೆ ಮುಂದೆ ಮುಂದೆ ಬಂದ ಹಾಗೆ ದಾರವೂ ಬರುತ್ತಿತ್ತು. ಅನ್ನಕ್ಕೆ ಒಂದು ಗೇಣು. ಬೇಳೆಗೆ ಎರಡು ಗೇಣು. ಅಂದರೆ ದಾರ, ಬಟ್ಟೆ ಸುತ್ತಿಕೊಳ್ಳುವ ಮುಂದಿನ ಮರವನ್ನು ದಾಟಿ ಕೆಳಗಿಳಿದರೆ ಒಲೆ ಆರಿಸಬೇಕು. ಒಲೆಯ ಮುಂದೆ ಕೂತು ತಲೆ ಎತ್ತಿದರೆ ಸಾಕು, ಬಾಗಿಲಿನಿಂದ ದಾರ ಕಾಣುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದಿದ್ದೆ. ಆ ಒಂದು ಪೇಪರು ಕಟ್ಟಿ ಪಾಸಾದರೆ ಟಿ.ಸಿ.ಎಚ್. ತರಬೇತಿಗೆ ಸೇರಬಹುದು, ಶಾಲೆಯಲ್ಲಿ ಮೇಡಂ ಆಗಬಹುದು. ನನಗೆ ಆ ವಯಸ್ಸಿನಲ್ಲಿ ಒಡವೆ ಬೇಕಿರಲಿಲ್ಲ, ಸೀರೆ ಹೇಗೂ ಮನೆಯಲ್ಲೇ ಆಗುತ್ತಿತ್ತು, ಬೇಕಿದ್ದದ್ದು ಅದೊಂದೇ. ಮದುವೆಯಾದ ಎರಡನೆಯ ವರ್ಷ ಧೈರ್ಯ ಮಾಡಿ ಅತ್ತೆಗೆ ಹೇಳಿದೆ. ಅತ್ತೆ ಮಾವನಿಗೆ ಹೇಳಿದರು. ಮಾವ ಹೆಚ್ಚು ಮಾತಿನವರಲ್ಲ. ಅವತ್ತು ಇಷ್ಟು ಹೇಳಿದರು:

"ಓದ್ಲಿ, ಬ್ಯಾಡ ಅನ್ನಲ್ಲ. ಆದ್ರೆ ನಾಳೆ ಕಾಲೇಜು ಅಂತ ಬೆಳಗ್ಗೆ ಹೊಂಟ್ರೆ ಮನೆ ನಡೀಬೇಕಲ್ಲ. ಪರೀಕ್ಷೆಗೆ ಇನ್ನೊಂದು ತಿಂಗ್ಳಿದೆ. ಅಡುಗೆ ಜವಾಬ್ದಾರಿ ಪೂರಾ ಅವಳ್ದೇ. ಊಟ ತಡ ಆಗ್ಬಾರ್ದು, ಮಗ್ಗ ನಿಲ್ಬಾರ್ದು. ಅಷ್ಟಾದ್ರೆ ಹೋಗ್ಲಿ."

ಅತ್ತೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ತಿಂಗ್ಳು ಅಂದ್ರೆ ಎಷ್ಟು, ಹತ್ತಿಪ್ಪತ್ತು ಸೀರೆ. ಕಣ್ಮುಚ್ಚಿ ಬಿಡೋದ್ರೊಳಗೆ ಆಗೋಯ್ತದೆ," ಅಂದರು. ಅವರ ಲೆಕ್ಕ ಯಾವತ್ತೂ ಸೀರೆಯಲ್ಲೇ.

ಇಪ್ಪತ್ತಾರು ದಿನ ನಾನು ಮೆರೆದೆ. ಮೊಣಕಾಲ ಮೇಲೆ ಇಂಗ್ಲಿಷ್ ಪುಸ್ತಕ, ಒಲೆಯ ಮೇಲೆ ಕುಕ್ಕರು, ಒಂದು ಕಣ್ಣು ಕೆಂಪು ದಾರದ ಮೇಲೆ. ಸ್ಪೆಲ್ಲಿಂಗೂ ಬಂತು, ಸಾರೂ ಕುದಿಯಿತು. ಇಪ್ಪತ್ತೇಳನೆಯ ದಿನ ನಮ್ಮನೆಯವರು ಸೀರೆ ಕೊಡಲು ಬೆಂಗಳೂರಿಗೆ ಹೋಗಿದ್ದರು, ಅತ್ತೆ ರಾಗಿ ಬೀಸಿಸಲು ಗಿರಣಿಗೆ. ನಾನು ಬೇಳೆಗೆ ಇಟ್ಟು ಬೆರಳೆತ್ತಿದೆ. ಮಾವ ದಾರ ಸಿಕ್ಕಿಸಿದರು. ದಾರ ಒಂದು ಗೇಣೂ ಬಂದಿರಲಿಲ್ಲ, ಕರೆಂಟು ಹೋಯಿತು.

ಮಗ್ಗದ ಬೀದಿಯಲ್ಲಿ ಕರೆಂಟು ಹೋದರೆ ಹೇಗಿರುತ್ತದೆ ಅಂತ ಅಲ್ಲಿದ್ದವರಿಗೇ ಗೊತ್ತು. ಬೀದಿಗೆ ಬೀದಿಯೇ ಒಮ್ಮೆಲೇ ಸುಮ್ಮನಾಗುತ್ತದೆ. ಗಂಡಸರೆಲ್ಲ ಪಂಚೆ ಕೊಡವಿಕೊಂಡು ಟೀ ಅಂಗಡಿಗೆ ನಡೆಯುತ್ತಾರೆ. ಮಾವನೂ ಹೋದರು, ದಿನಕ್ಕೆ ಅವರಿಗೆ ಸಿಗುತ್ತಿದ್ದ ಹರಟೆ ಅಂದರೆ ಅದೇ. ನನಗಂತೂ ಸ್ವರ್ಗ. ಸದ್ದಿಲ್ಲ, ಅದುರಿಲ್ಲ, ಅಕ್ಷರಗಳು ಪುಟದ ಮೇಲೆ ನೆಟ್ಟಗೆ ನಿಂತಿವೆ. ಓದಿಗೆ ಕೂತೆ. ನಡುನಡುವೆ ತಲೆ ಎತ್ತಿ ದಾರ ನೋಡಿದೆ. ದಾರ ಇನ್ನೂ ಅಲ್ಲೇ ಇತ್ತು. ಸರಿ, ಬೇಳೆ ಬೆಂದಿಲ್ಲ ಅಂದುಕೊಂಡೆ. ಮತ್ತೆ ನೋಡಿದೆ. ಅಲ್ಲೇ ಇತ್ತು. ಮತ್ತೆ ಓದಿದೆ.

ನಗಬೇಡಿ. ಮಗ್ಗ ನಿಂತರೆ ದಾರ ನಿಲ್ಲುತ್ತದೆ, ಸೀಮೆಎಣ್ಣೆ ಸ್ಟವ್ವು ನಿಲ್ಲುವುದಿಲ್ಲ ಅನ್ನುವುದು ಐದು ವರ್ಷದ ಮಗುವಿಗೂ ಗೊತ್ತು. ಇನ್ನೂ ತಮಾಷೆ ಅಂದರೆ ಕುಕ್ಕರು ಅಷ್ಟು ಹೊತ್ತೂ ಸೀಟಿ ಹೊಡೆಯುತ್ತಲೇ ಇತ್ತು. ಎರಡು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಸೀಟಿ ಕೇಳಿಸುವಂತಿತ್ತು, ಆದರೆ ಕೇಳುವ ಅಭ್ಯಾಸವೇ ನನಗೆ ಹೋಗಿಬಿಟ್ಟಿತ್ತು. ಪಕ್ಕದ ಮನೆಯದಿರಬೇಕು ಎಂದು ಪುಟ ತಿರುಗಿಸಿದೆ.

ಕರೆಂಟಿಲ್ಲದೆ ಗಿರಣಿಯೂ ನಿಂತಿತ್ತಾದ್ದರಿಂದ ಅತ್ತೆ ಬೀಸದ ರಾಗಿಯನ್ನು ಸೊಂಟದ ಮೇಲಿಟ್ಟುಕೊಂಡು ವಾಪಸ್ಸು ಬಂದರು. ಹೊಸ್ತಿಲು ದಾಟುತ್ತಲೇ ವಾಸನೆ ಹೊಡೆದಿತ್ತಂತೆ. ಅಷ್ಟರಲ್ಲಿ ನನಗೂ ಗೊತ್ತಾಗಿ, ಒಲೆ ಆರಿಸಿ, ಕರಿಯಾದ ಕುಕ್ಕರಿನ ಮುಂದೆ ಅಳುತ್ತ ಕೂತಿದ್ದೆ. ಬೇಳೆ ಹೋದದ್ದಕ್ಕಲ್ಲ. ಇನ್ನು ಮೂರೇ ದಿನ ಉಳಿದಿತ್ತು.

ಅತ್ತೆ ಬೈಯಲಿಲ್ಲ. ನಾನು ಕಿಟಕಿ ತೆಗೆಯಲು ಹೋದರೆ ಕೈ ಹಿಡಿದರು.

"ಕಿಟ್ಕಿ ತೆಗೆದ್ರೆ ಬೀದಿಗೆಲ್ಲ ಡಂಗುರ ಕಣಮ್ಮ. ಸೀದ ವಾಸ್ನೆ ಹೋಗ್ಸಕ್ಕಾಗಲ್ಲ. ಅದಕ್ಕೊಂದು ಹೆಸ್ರು ಕೊಡ್ಬೇಕು ಅಷ್ಟೆ. ನೀರೊಲೇಲಿ ಕೆಂಡ ಐತಾ ನೋಡು."

ಕೆಂಡ ಇತ್ತು. ನಾಲ್ಕು ಬದನೆಕಾಯಿ, ಎರಡು ಈರುಳ್ಳಿ, ಒಂದು ಹಿಡಿ ಒಣಮೆಣಸಿನಕಾಯಿ ಅದರೊಳಗೆ ಬಿದ್ದವು. ಅರ್ಧ ಗಳಿಗೆಯಲ್ಲಿ ಮನೆಯೆಲ್ಲ ಸುಟ್ಟ ವಾಸನೆ, ಆದರೆ ಈಗ ಅದು ಗೊಜ್ಜಿನ ವಾಸನೆ. ಕುಕ್ಕರನ್ನು ಗೋಣಿಚೀಲದಲ್ಲಿ ಸುತ್ತಿ ಮಗ್ಗದ ಗುಂಡಿಯೊಳಗೆ ಇಳಿಸಿ ಹಲಗೆ ಮುಚ್ಚಿದೆವು. ಇದ್ದ ಹಿಟ್ಟಿನಲ್ಲೇ ಮುದ್ದೆ ಕಟ್ಟಿದೆವು. ಮಾವ ಬಂದಾಗ ತಟ್ಟೆ ಸಿದ್ಧವಿತ್ತು. ಒಂದು ನಿಮಿಷವೂ ತಡವಾಗಿರಲಿಲ್ಲ.

ಅವರು ಹಲಗೆಯ ಮೇಲೆ, ಅಂದರೆ ಸೀದ ಕುಕ್ಕರಿನ ನೆತ್ತಿಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು. ಮುದ್ದೆ ಮುರಿದು ಗೊಜ್ಜಿಗೆ ಅದ್ದಿ ನುಂಗಿದರು. ಮತ್ತೆ ಪಕ್ಕದಲ್ಲಿ ಅಂಗೈ ಊರಿ, "ಹಲ್ಗೆ ಯಾಕೋ ಬೆಚ್ಚಗೈತಲ್ಲ," ಅಂದರು.

ನಾನು ಮುಖ ಕಾಣದ ಹಾಗೆ ಒಲೆಯ ಕಡೆ ತಿರುಗಿಕೊಂಡೆ. ಅತ್ತೆ ಮಾತ್ರ ಅಲುಗಾಡಲಿಲ್ಲ. "ವಯಸ್ಸಾದ್ಮೇಲೆ ಹಂಗೇ, ಎಲ್ಲಾ ಬೆಚ್ಚಗೆ ಅನ್ಸುತ್ತೆ. ಗೊಜ್ಜು ಹಾಕ್ಲಾ?"

"ಹಾಕು," ಅಂದರು ಮಾವ.

ಮೂರು ದಿನ ಕಳೆದವು. ತಿಂಗಳು ಮುಗಿದ ದಿನ ಮಾವ ಮಗ್ಗ ಒರೆಸುತ್ತ, "ಊಟ ತಡ ಆಗ್ಲಿಲ್ಲ. ಪಾಸಾದ್ರೆ ಹೋಗ್ಲಿ," ಅಂದರು. ನಾನು ಪಾಸಾದೆ. ಎರಡು ವರ್ಷ ಬೆಳಗ್ಗೆ ಅಡುಗೆ ಮುಗಿಸಿ ಯಲಹಂಕದ ಬಸ್ಸು ಹತ್ತಿದೆ. ಆಮೇಲೆ ರಾಜಘಟ್ಟದ ಹತ್ತಿರದ ಶಾಲೆಯಲ್ಲಿ ಮೇಡಂ ಆದೆ. ಮಾವನನ್ನು ಚೆನ್ನಾಗಿ ಏಮಾರಿಸಿದೆವು ಎಂದು ನಾನೂ ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಆದರೆ ಆ ಎರಡು ವರ್ಷ ಮಾವನದು ಒಂದು ಹೊಸ ಚಾಳಿ ಶುರುವಾಗಿತ್ತು, ಅದು ನನ್ನ ಮೈ ಉರಿಸುತ್ತಿತ್ತು. ಬೆಳಗ್ಗೆಯೋ ಸಂಜೆಯೋ ನಾನು ಒಲೆಯ ಮುಂದಿದ್ದಾಗ ಕರೆಂಟು ಹೋದರೆ ಅವರು ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಮಗ್ಗ ನಿಂತ ಕೂಡಲೇ ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಬಂದು, "ಒಂದು ಲೋಟ ನೀರು ಕೊಡಮ್ಮ," ಅನ್ನುತ್ತಿದ್ದರು. ಪುಸ್ತಕ ಪಕ್ಕಕ್ಕಿಟ್ಟು ಏಳಬೇಕು, ಕೊಡಬೇಕು. ಒಂದು ಸಲ ತಡೆಯಲಾರದೆ, "ಅಲ್ಲೇ ಹೂಜಿ ಇದೆಯಲ್ಲ ಮಾವ," ಅಂದೆ. "ಅದು ಬೆಚ್ಚಗಾಗ್ಬಿಟ್ಟೈತೆ ಕಣಮ್ಮ," ಅಂದರು. ಮಣ್ಣಿನ ಹೂಜಿಯ ನೀರು ಬೆಚ್ಚಗಾಗುವುದುಂಟೇ? ಸೊಸೆ ಏನು ಮಾಡುತ್ತಿದ್ದಾಳೆ ಎಂದು ಕಣ್ಣಿಡಲು ಬರುತ್ತಾರೆ ಎಂದೇ ನಾನು ನಂಬಿದ್ದೆ. ಅವರು ಬಾಗಿಲಿಗೆ ಒರಗಿ, ಅವಸರವಿಲ್ಲದೆ, ನೀರೆಲ್ಲ ಕುಡಿದು, ಲೋಟವನ್ನು ತಾವೇ ಬೋರಲು ಹಾಕಿ ಹೋಗುತ್ತಿದ್ದರು. ಮಾವ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಮೇಲಿನ ಆ ಒಂದು ದೂರು ಮಾತ್ರ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಇವತ್ತು ಮತ್ತೆ ಭಾನುವಾರ. ಊಟದ ಮೇಜಿನ ಮುಂದೆ ಕೂತು ನಾನು ಇದನ್ನು ಬರೆಯುತ್ತಿದ್ದೇನೆ. ಈಗ ಒಂದು ಹತ್ತು ನಿಮಿಷದ ಹಿಂದೆ ಒಳಗಿನಿಂದ ಸೀಟಿ ಕೇಳಿಸಿತು. ಒಂದು. ಎರಡು. ಮೂರು. ಬೇಳೆಗೆ ಅಷ್ಟು ಸಾಕು. ನಾಲ್ಕು. ಬಗ್ಗಿ ನೋಡಿದೆ: ಚೈತ್ರಳ ಕಿವಿಯಲ್ಲಿ ಅದೇ ಇಯರ್‌ಬಡ್, ಕಣ್ಣು ಪುಸ್ತಕದಲ್ಲಿ, ತುಟಿ ಏನೋ ಬಾಯಿಪಾಠ ಮಾಡುತ್ತಿದೆ. ಪರೀಕ್ಷೆಗೆ ಇನ್ನು ಒಂಬತ್ತು ದಿನ. ಕೂಗಿ ಹೇಳಬಹುದಿತ್ತು. ಕೂಗಿದರೆ ಬೆಚ್ಚಿಬೀಳುತ್ತಾಳೆ, ಹೋದ ವಾರದ್ದು ನೆನಪಾಗಿ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ, ಇವತ್ತಿನ ಓದು ಹಾಳು. ನಾನು ಎದ್ದು ಬಾಗಿಲ ಹತ್ತಿರ ಹೋಗಿ, ಅವಳಿಗೆ ಕಾಣುವ ಹಾಗೆ ನಿಂತೆ. ಅವಳು ತಲೆ ಎತ್ತಿ ಕಿವಿಯದನ್ನು ತೆಗೆದಳು. ನನ್ನ ಬಾಯಲ್ಲಿ ಬಂದದ್ದು ಇಷ್ಟೇ:

"ಒಂದು ಲೋಟ ನೀರು ಕೊಡಮ್ಮ."

ಚೈತ್ರ ನನ್ನ ಕೈ ನೋಡಿದಳು. "ಅತ್ತೆ, ನಿಮ್ ಕೈಯಲ್ಲೇ ಬಾಟ್ಲಿ ಇದೆಯಲ್ಲ."

ಇತ್ತು. ಬರೆಯುವಾಗ ಪಕ್ಕದಲ್ಲಿಟ್ಟುಕೊಂಡಿದ್ದ ಬಾಟಲಿಯನ್ನು ಕೈಯಲ್ಲೇ ಹಿಡಿದು ಬಂದಿದ್ದೆ, ತುಂಬಿದ ಬಾಟಲಿ. ಕಿಟಕಿಗೆ ಕಟ್ಟಿದ್ದ ಹೂಜಿ ಕಣ್ಣ ಮುಂದೆ ಬಂತು. ಬೆಚ್ಚಗಿದ್ದ ಹಲಗೆಯ ಮೇಲೆ ಊರಿದ ಅಂಗೈ ಬಂತು. ಎರಡು ವರ್ಷ, ಕರೆಂಟು ಹೋದಾಗಲೆಲ್ಲ ಟೀ ಬಿಟ್ಟು, ಹರಟೆ ಬಿಟ್ಟು, ನಿಂತುಹೋದ ದಾರದ ಬದಲಿಗೆ ತಾವೇ ನಡೆದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು ಮಾವ. ನಾನು ಏಳಲಿ, ಒಲೆ ನೋಡಲಿ ಅಂತ. ಸೀಯುತ್ತೆ ನೋಡು ಅಂತ ಒಂದು ಸಲವೂ ಬಾಯಿಬಿಟ್ಟು ಹೇಳದೆ. ನಾನು ಅದನ್ನು ಕಾವಲು ಅಂದುಕೊಂಡಿದ್ದೆ.

"ಇದು ಬೆಚ್ಚಗಾಗ್ಬಿಟ್ಟಿದೆ ಕಣಮ್ಮ," ಅಂದೆ.

ಚೈತ್ರ ನೀರಿಗೆಂದು ತಿರುಗಿದಳು, ಕುಕ್ಕರ್ ಕಣ್ಣಿಗೆ ಬಿತ್ತು, "ಅಯ್ಯೋ" ಎಂದು ಒಲೆ ಆರಿಸಿದಳು. ಆಮೇಲೆ ಲೋಟ ತುಂಬಿ ಕೊಟ್ಟಳು. ನಾನು ಬಾಗಿಲಿಗೆ ಒರಗಿ ನಿಂತು, ಅವಸರವಿಲ್ಲದೆ, ಅಷ್ಟೂ ನೀರು ಕುಡಿದೆ. ಅವಳು ಆಗಲೇ ಪುಸ್ತಕದೊಳಗೆ ಇಳಿದಿದ್ದಳು. ಲೋಟವನ್ನು ನಾನೇ ತೊಳೆದು ಬೋರಲು ಹಾಕಿ ಬಂದೆ.