ಕಾಕಾ ತಿದ್ದಿದ ಪುಟಗಳು

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನೊಳಗೆ ಗ್ರೀಸು ಕಪ್ಪಗೆ ನಿಂತುಬಿಟ್ಟಿತ್ತು. ಆ ಶುಕ್ರವಾರ ಅದೇ ಬೆರಳಿನಿಂದ ನನ್ನ ಕಂಪ್ಯೂಟರಿನ ಪರದೆ ಮುಟ್ಟಿ, "ಇಲ್ಲಿ ನೋಡವಾ, ಈ ಸಾಲು ಇನ್ನೂ ಸರಿ ಇಲ್ಲ" ಅಂದರು. ನಾನು ತಿದ್ದಿದೆ. ಪರದೆಗೆ ಹತ್ತಿದ ಕಲೆಯನ್ನು ಅವರೇ ಅಂಗಿಯ ತೋಳಿನಿಂದ ಒರೆಸಲು ಹೋಗಿ ಇನ್ನಷ್ಟು ಹರಡಿದರು.

ಬೆಳಗಾವಿಯ ಉದ್ಯಮಬಾಗದಲ್ಲಿ ನೀರಿನ ಪಂಪು ತಯಾರಿಸುವ ಸಣ್ಣ ಕಾರ್ಖಾನೆ ನಮ್ಮದು. ಅವರು ಅಲ್ಲಿಯ ಹಿರಿಯ ಮಿಸ್ತ್ರಿ, ಎಲ್ಲರಿಗೂ ಕಾಕಾ. ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದರು. ನಾನು ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವವಳು. ಪಂಪು ಬಿಚ್ಚಿ ಜೋಡಿಸುವ ವಿಧಾನವನ್ನು ಹಳ್ಳಿಯ ಫಿಟ್ಟರುಗಳು ಮೊಬೈಲಿನಲ್ಲೇ ಓದಿಕೊಳ್ಳಲಿ ಎಂದು ಒಂದು ವೆಬ್‌ಸೈಟು ಮಾಡಿದ್ದೆವು. ಹೇಳುವವರು ಕಾಕಾ, ಬರೆಯುವವಳು ನಾನು.

ಒಂದು ಪುಟ ಮುಗಿದರೆ ಅದನ್ನು ಪಂಪು ಬಿಚ್ಚಿ ಗೊತ್ತೇ ಇಲ್ಲದವರ ಕೈಗೆ ಕೊಡುತ್ತಿದ್ದರು. ಒಮ್ಮೆ ಗೇಟಿನ ವಾಚ್‌ಮನ್‌ನನ್ನು ಕರೆದು ನಟ್ಟು ತಿರುಗಿಸುವ ಪಾನಾ ಕೊಟ್ಟರು. 'ನಟ್ಟು ಬಿಗಿ ಮಾಡಿ' ಎಂದು ಓದಿ ಅವನು ಮೈಯೆಲ್ಲ ಬಲ ಹಾಕಿ ತಿರುಗಿಸಿದ.

"ಅಷ್ಟ್ಯಾಕೋ, ಪಂಪಿನ ಮ್ಯಾಲೆ ಸಿಟ್ಟೈತೇನ?"

"ಎಷ್ಟಂತ ಎಲ್ಲಿ ಬರದೀರಿ ಕಾಕಾ? ನನಗೇನ ಕನಸ ಬೀಳತೈತೇನ್ರಿ?"

ಕಾಕಾ ನಕ್ಕು ನನ್ನ ಕಡೆ ತಿರುಗಿದರು. "ಖರೇ ಐತಿ. ಓದಾವನ ಕೈ ಎಲ್ಲಿ ತಪ್ತೈತಿ, ಅಲ್ಲಿ ನಮ್ದ ತಪ್ಪು. ಬರಿ, ತಿರುಗೂ ಶಾಫ್ಟು ಬಿಸಿ ಆಗದಂಗ ನೀರು ಹನಿ ಹನಿ ಬೀಳೂವಷ್ಟು ಸಡ್ಲ ಇರಲಿ."

ಹೀಗೆ ಒಂದು ವರ್ಷ ತಿದ್ದಿದೆವು. ಅವರು ಬಾಜು ನಿಂತಿರುತ್ತಿದ್ದರಿಂದ ನಾನು ನೇರವಾಗಿ ಸೈಟು ಇರುವ ಸರ್ವರ್ ಮೇಲೇ ತಿದ್ದಿಬಿಡುತ್ತಿದ್ದೆ. ಅದು ಆ ಕ್ಷಣವೇ ತಮ್ಮ ಮೊಬೈಲಿನಲ್ಲಿ ಕಂಡರೆ ಅವರಿಗೆ ಸಂತೋಷ. ನನ್ನ ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯನ್ನೂ ತಿದ್ದಬೇಕಿತ್ತು. ನಾಳೆ ಮಾಡಿದರಾಯಿತು ಅಂದುಕೊಳ್ಳುತ್ತಿದ್ದೆ.

ಆ ಶುಕ್ರವಾರದ ಮರುದಿನ ಸೈಟನ್ನು ಹೊಸ ಸರ್ವರ್‌ಗೆ ಸಾಗಿಸುವುದಿತ್ತು. ಸಂಜೆ ಮನೆಗೆ ಹೊರಡುವ ಮುನ್ನ ಅವರು ಕೇಳಿದರು: "ಹಳೇದರಾಗ ಇದ್ದದ್ದೆಲ್ಲಾ ನಿನ್ನ ಕಡೆ ಐತೆಲ್ಲವಾ?"

"ಐತ್ರಿ ಕಾಕಾ." ನೋಡದೆಯೇ ಹೇಳಿದೆ.

ಶನಿವಾರ ಹೊಸ ಸರ್ವರ್ ಸಿದ್ಧಮಾಡಿ, ನನ್ನ ಪ್ರತಿಯನ್ನು ಅದರಲ್ಲಿ ಹಾಕಿ, ಸೈಟಿನ ವಿಳಾಸವನ್ನು ಅದಕ್ಕೆ ತಿರುಗಿಸಿ, ಹಳೆಯದನ್ನು ಅಳಿಸಿದೆ. ಸೋಮವಾರ ಕಣಕುಂಬಿಯಿಂದ ಒಬ್ಬ ಫಿಟ್ಟರು ಫೋನ್ ಮಾಡಿದ: "ಪುಟಾ ಎಲ್ಲಾ ಹಳೇವ ಬಂದಾವ್ರಿ ಮೇಡಂ." ಒಂದು ವರ್ಷದ ತಿದ್ದುಪಡಿ ಹೋಗಿತ್ತು. ಕಾಕಾ ಎದೆನೋವಿನಿಂದ ಆಸ್ಪತ್ರೆ ಸೇರಿದ್ದಾರೆಂದು ಗೊತ್ತಾದದ್ದೂ ಅದೇ ದಿನ.

ತಿದ್ದಿದ್ದನ್ನೆಲ್ಲ ಮತ್ತೆ ಕೇಳಿ ಬರೆದುಕೊಳ್ಳಬೇಕೆಂದು ಚೀಲದಲ್ಲಿ ನೋಟ್‌ಬುಕ್ಕು ಇಟ್ಟುಕೊಂಡೇ ಹೋದೆ. ದಿಂಬಿಗೆ ಒರಗಿ ಕುಳಿತಿದ್ದರು. ಮಾತೂ ಚೆನ್ನಾಗಿತ್ತು, ನೆನಪೂ ಚೆನ್ನಾಗಿತ್ತು.

"ಹೊಸಾ ಸರ್ವರ್ ಚಾಲೂ ಆತೇನ?"

"ಆತ್ರಿ."

"ನಾವು ತಿದ್ದಿದ್ದು?"

"ಎಲ್ಲಾ ಐತ್ರಿ ಕಾಕಾ."

ಕಾಯಿಲೆಯವರ ಮನಸ್ಸು ನೋಯಬಾರದೆಂದು ಹಾಗೆ ಹೇಳಿದೆ ಅನ್ನಬಹುದಿತ್ತು. ಆದರೆ ನನಗೆ ಬೇಕಾಗಿದ್ದದ್ದು ಅವರ ಕಣ್ಣಲ್ಲಿ ನಾನು ಕೆಳಗಿಳಿಯದಿರುವುದು. ಇನ್ನೂ ಎರಡು ಸಲ ಹೋದೆ. ಕೇಳಿದ್ದರೆ ಒಂದೊಂದಾಗಿ ಹೇಳಿ ಬರೆಸುತ್ತಿದ್ದರು. ನೋಟ್‌ಬುಕ್ಕು ಹೊರಗೆ ತೆಗೆಯಲಿಲ್ಲ. ಗುರುವಾರ ತೀರಿಕೊಂಡರು.

ಖಾನಾಪುರದ ಮನೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು, "ನಿನ್ನ ಬಗ್ಗೆ ಭಾಳ ಹೇಳತಿದ್ರವಾ. ನಾ ಹೇಳಿದ್ದು ಒಂದೂ ಬಿಡಂಗಿಲ್ಲ ಆಕಿ ಅಂತಿದ್ರು" ಅಂದರು. ಅಲ್ಲಿಯೂ ಹೌದೆಂದು ತಲೆಯಾಡಿಸಿದೆ.

ಆಮೇಲೆ ಉಳಿದ ಮಿಸ್ತ್ರಿಗಳಿಗೆ ನಡೆದದ್ದನ್ನು ಹೇಳಿ, ಅವರಿಗೂ ನನಗೂ ನೆನಪಾದಷ್ಟನ್ನು ಸೈಟಿಗೆ ಮತ್ತೆ ಹಾಕಿದೆ. ಬೇರಿಂಗ್ ಕೂರಿಸುವ ಪುಟದಲ್ಲಿ ನಾಲ್ಕನೆಯ ಹಂತಕ್ಕೂ ಐದನೆಯದಕ್ಕೂ ನಡುವೆ ಕಾಕಾ ಒಂದು ಹಂತ ಸೇರಿಸಿದ್ದರು ಎಂಬುದು ನೆನಪಿದೆ. ಅದೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.