ಬಸ್ಸು ನಿಲ್ಲಿಸಿದ ಟಿಲ್ಲರ್

ಹೊಸ ಬ್ಲೇಡುಗಳನ್ನು ನಾನೇ ಹಾಕಿ ಸ್ಟಾರ್ಟ್ ಮಾಡಿದ ಪುಟ್ಟ ಟಿಲ್ಲರ್ ಮಣ್ಣಿಗಿಳಿಯದೆ ಕುಪ್ಪಳಿಸತೊಡಗಿತು. ಅದರ ಹಿಂದೆ ನಾನೂ ಕುಪ್ಪಳಿಸುತ್ತಿದ್ದಾಗ, ಹೊಲದ ಬೇಲಿಯಾಚೆ ರಸ್ತೆಯಲ್ಲಿ ಬಾಳ್ಳುಪೇಟೆಗೆ ಹೊರಟಿದ್ದ ಬಸ್ಸು ಗಕ್ಕನೆ ನಿಂತಿತು!

"ಅಕ್ಕಾ, ಬ್ಲೇಡ್ ಉಲ್ಟಾ ಹಾಕ್ಬುಟ್ಟಿದ್ದೀಯ ಕಣಕ್ಕಾ! ಮೊದ್ಲು ಆಫ್ ಮಾಡು!" ಎಂದು ಕೂಗುತ್ತಲೇ ಡ್ರೈವರ್ ಬೇಲಿ ದಾಟಿ ಬಂದೇಬಿಟ್ಟರು. ನಾನು ಆಫ್ ಮಾಡಿದ ಮೇಲೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟು, ಎಡಗಡೆಯ ಬ್ಲೇಡುಗಳನ್ನು ಬಲಕ್ಕೂ ಬಲಗಡೆಯವನ್ನು ಎಡಕ್ಕೂ ಬದಲಾಯಿಸಿ, ಹರಿತವಾದ ಅಂಚು ಮುಂದಕ್ಕೆ ಬರುವಂತೆ ಕೂರಿಸಿದರು. ಅಷ್ಟರಲ್ಲಿ ಪ್ರಯಾಣಿಕರೆಲ್ಲ ಇಳಿದು ಬೇಲಿಯುದ್ದಕ್ಕೂ ನಿಂತಿದ್ದರು. ವೈರ್ ಸಿಕ್ಕಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಟಿಲ್ಲರ್ ಗಬಕ್ಕನೆ ಮಣ್ಣು ಕಚ್ಚಿತು. ಹೋ ಎಂದು ಚಪ್ಪಾಳೆ!

"ಬೀನ್ಸ್ ಹಾಕಕ್ಕಾ, ನೋಡ್ತಾ ಇರ್ತೀವಿ," ಎಂದರು ಕಂಡಕ್ಟರ್.

ನಿಜಕ್ಕೂ ನೋಡುತ್ತಿದ್ದಾರೆ. ದಿನಾ ಬೆಳಿಗ್ಗೆ ಆ ಬಸ್ಸು ನಮ್ಮ ಬೇಲಿಯ ಹತ್ತಿರ ನಿಧಾನವಾಗುತ್ತದೆ, ಕಿಟಕಿಗಳ ತುಂಬ ತಲೆಗಳು. ಒಂದು ದಿನ ಕಳೆ ಕೀಳದಿದ್ದರೂ ನಾನೀಗ ಇಡೀ ಬಸ್ಸಿಗೆ ಉತ್ತರ ಕೊಡಬೇಕು.