ಕಲ್ಲು ಬಡಿದು ನೋಡುವ ಮೌಲಾ ಚಾಚಾ

ಮೌಲಾ ಚಾಚಾ ಮೊದಲ ಸಲ ನಮ್ಮ ಮನೆಗೆ ಬಂದಾಗ ಹೊರಗೇ ನಿಂತು, ಕೈಯಲ್ಲಿದ್ದ ಕಬ್ಬಿಣದ ಸಲಾಕೆಯಿಂದ ನಮ್ಮ ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದು ನೋಡಿದರು. ಆಮೇಲೆಯೇ ಕಾಲಿಟ್ಟರು. ನನಗೆ ಸಿಟ್ಟು ಬಂತು. ಅಪ್ಪ ಕಟ್ಟಿಸಿದ ಮನೆ, ಹುಟ್ಟಿದಾಗಿನಿಂದ ಹತ್ತಿ ಇಳಿದ ಮೆಟ್ಟಿಲು, ಇವರ್ಯಾರು ಪರೀಕ್ಷೆ ಮಾಡಲಿಕ್ಕೆ? ಚಹಾ ಕುಡಿದು ಬಸಿ ಕೆಳಗಿಟ್ಟ ಮೇಲೆ ಅವರು ಮೆಲ್ಲಗೆ, ಎರಡನೇ ಮೆಟ್ಟಿಲ ಕೆಳಗೆ ಇಲಿ ಮಣ್ಣು ತೆಗೆದಂತಿದೆ, ಒಮ್ಮೆ ನೋಡಿಸಿರಿ ಅಂದರು. ನೋಡಿಸಿದೆ. ಒಳಗೆ ನನ್ನ ತೋಳು ಮೊಣಕೈವರೆಗೆ ಹೋಯಿತು.

ನಾನು ಹುಟ್ಟು ಪುಕ್ಕಲು. ಶಹಾಬಾದಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ, ಕ್ಲಾಸಿನಲ್ಲಿ ಹುಲಿ, ಮನೆಯಲ್ಲಿ ಕುಕ್ಕರ್ ಸೀಟಿ ಹಾಕಿದರೂ ಬೆಚ್ಚುತ್ತೇನೆ. ತಂಗಿ ಸುನೀತಾ ನನಗೆ ಪೂರಾ ಉಲ್ಟಾ. ವಾಡಿಯಲ್ಲಿ ಅವಳದೊಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ವಾರವಿಡೀ ಮದುವೆ, ಕುಬಸ, ಆಧಾರ್ ಕಾರ್ಡಿನ ಮುಖಗಳು. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ನೀರು ಹುಡುಕಿಕೊಂಡು ಹೊರಡುತ್ತಾಳೆ. ಕೆರೆಯೋ ಹೊಳೆಯೋ ಚಿಂಚೋಳಿ ಕಾಡಿನ ಜಲಪಾತವೋ, ದಂಡೆಯಲ್ಲಿ ನಿಂತು ತೆಗೆದರೆ ಅವಳಿಗೆ ಸಮಾಧಾನವಿಲ್ಲ, ತುದಿಗೇ ಹೋಗಬೇಕು. ಅವ್ವ ಹೋದ ಮೇಲೆ ಅವಳಿಗೆ ಅಕ್ಕ ನಾನೊಬ್ಬಳು, ನನಗೆ ಅವಳೊಬ್ಬಳು. ಅದಕ್ಕೇ ಕ್ಯಾಮೆರಾದ ಮುಕ್ಕಾಲಿ ಹೊತ್ತುಕೊಂಡು ಬೈಯುತ್ತ ಹಿಂದೆ ಹೋಗುತ್ತಿದ್ದೆ.

ಚಾಚಾ ಸಿಕ್ಕಿದ್ದು ಊರ ಹೊರಗಿನ ಒಂದು ಹಳೆಯ ಗಣಿಯಲ್ಲಿ. ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟ ಗುಂಡಿ ಮಳೆನೀರು ತುಂಬಿ ಹಸಿರು ಕೆರೆಯಾಗಿತ್ತು. ಸುನಿ ಅಂಚಿಗೆ ಹೋಗಿ ಕಣ್ಣಿಗೆ ಕ್ಯಾಮೆರಾ ಹಚ್ಚಿದ್ದಳು. ಎಲ್ಲಿಂದಲೋ ಒಬ್ಬ ಮುದುಕ ಬಂದು, ಮಾತಿಲ್ಲ ಕತೆಯಿಲ್ಲ, ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ನಾನು ಕೂಗಾಡಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಆತ ಮೊಣಕಾಲೂರಿ ಕುಳಿತು, ಎಡಗೈಯನ್ನು ಕಲ್ಲಿನ ಮೇಲೆ ಬಿಡಿಸಿಟ್ಟು, ಬಲಗೈಯ ಸಲಾಕೆಯಿಂದ ಬಡಿದು, ಕಣ್ಣು ಮುಚ್ಚಿಕೊಂಡ. ಆಮೇಲೆ ಎದ್ದು, ಗಟ್ಟಿ ಜಾಗದಲ್ಲಿ ಕಾಲೂರಿ, ಸುನಿ ನಿಂತಿದ್ದ ಅಂಚಿಗೆ ಬಲವಾಗಿ ನಾಲ್ಕು ಏಟು ಹಾಕಿದ. ಹೊರಸಿನಷ್ಟು ಅಗಲದ ಕಲ್ಲಿನ ಹಾಸು ಕಳಚಿ ನೀರಿಗೆ ಬಿತ್ತು. ಮುಳುಗಿದ ಮೇಲೆ ಅದು ಎಲ್ಲಿತ್ತೆಂದು ಗುರುತು ಕೂಡ ಉಳಿಯಲಿಲ್ಲ.

"ಮ್ಯಾಲಿಂದ ನೋಡಿದ್ರ ಅಂಗಳ ಇದ್ದಂಗ ಅದ. ಕೆಳಗ ಎಲ್ಲಾ ನೀರು ತಿಂದದ, ಬೇಟಿ," ಎಂದು ಸುನಿಗೆ ಅಂದರು ಚಾಚಾ.

ಸುನಿ ಆವತ್ತೇ ಅವರಿಗೆ ಗಂಟುಬಿದ್ದಳು. ನಲವತ್ತು ವರ್ಷ ಗಣಿಯಲ್ಲಿ ದುಡಿದು ಮನೆಯಲ್ಲಿ ಕುಳಿತಿದ್ದ ಮನುಷ್ಯ, ಭಾನುವಾರ ಬೆಳಗಿನ ನಮಾಜು ಮುಗಿಸಿ ಸಲಾಕೆ ಹಿಡಿದು ನಮ್ಮ ಬಾಗಿಲಿಗೆ ಹಾಜರಾಗತೊಡಗಿದರು. ಚಂದ್ರಂಪಳ್ಳಿ ಜಲಾಶಯಕ್ಕೆ ಹೋದೆವು, ಸೇಡಂ ಕಡೆ ಹೊಳೆದಂಡೆಗೆ ಹೋದೆವು. ಅವರು ಮುಂದೆ ಬಡಿಯುತ್ತ ಹೋಗುವುದು, ಕೈಯೆತ್ತಿ "ಚಲೋ ಅದ, ನಿಂದ್ರು" ಅಂದ ಮೇಲೆ ಸುನಿ ಹೋಗಿ ನಿಲ್ಲುವುದು. ನೀರಿನ ಅಬ್ಬರದಲ್ಲಿ ಕೂಗಿದ್ದು ಕೇಳುವುದಿಲ್ಲವೆಂದು ಅವರು ಒಂದು ಉಪಾಯ ಮಾಡಿದ್ದರು. ಸಲಾಕೆಯಿಂದ ಎರಡು ಸಲ ಬಡಿದರೆ ಅವಳ ಅಂಗಾಲಿಗೆ ಗೊತ್ತಾಗಬೇಕು, ತಕ್ಷಣ ಹಿಂದಕ್ಕೆ ಬರಬೇಕು. ನೀರು ನೋಡಿ ಚಾಚಾ ಎಂದೂ ಚೆಂದ ಅಂದವರಲ್ಲ. ನೀರು ನೋಡುವುದು ನಿಮ್ಮ ಕೆಲಸ, ಕಲ್ಲು ನೋಡುವುದು ನನ್ನದು ಅನ್ನುತ್ತಿದ್ದರು. ಒಂದೇ ನನಗೆ ಸೇರುತ್ತಿರಲಿಲ್ಲ: ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮುದುಕನಿಗೆ ಹಮ್ಮು ಅಂದುಕೊಂಡಿದ್ದೆ. ಆದರೆ ಆ ದಿನಗಳಲ್ಲಿ ನಾನು ಮೊದಲ ಸಲ ನೀರಿನ ಹತ್ತಿರ ನೆಮ್ಮದಿಯಿಂದ ಬುತ್ತಿ ಬಿಚ್ಚಿ ಉಂಡೆ.

ಒಂದು ಭಾನುವಾರ ನಾನು ಉತ್ತರಪತ್ರಿಕೆ ತಿದ್ದಲಿಕ್ಕೆಂದು ಮನೆಯಲ್ಲೇ ಉಳಿದೆ. ಅವರಿಬ್ಬರೂ ಕಾಗಿಣಾ ನದಿಗೆ ಹೋಗಿದ್ದರು. ಮಳೆ ನಿಂತು ವಾರವಾಗಿತ್ತು, ಹೊಳೆ ಹಾಸುಗಲ್ಲಿನಿಂದ ಕೆಳಕ್ಕೆ ಧುಮುಕುವ ಜಾಗದಲ್ಲಿ ನೀರು ಕೆಂಪಾಗಿ ಹೋಗುತ್ತಿತ್ತು. ಸುನಿ ತೆಗೆದ ಚಾಚಾನ ಒಂದು ಫೋಟೊಗೆ ಕಟ್ಟು ಹಾಕಿಸಿದ್ದೆವು. ಅವರಿಲ್ಲದಾಗ ಕೊಟ್ಟು ಬಂದರೆ ಸಂಜೆ ನೋಡಿ ಖುಷಿಪಡುತ್ತಾರೆಂದು ಅದನ್ನು ಹಿಡಿದು ಅವರ ಮನೆಗೆ ಹೋದೆ. ಸೊಸೆ ರಬಿಯಾ ಕೂರಿಸಿ ನೀರು ಕೊಟ್ಟಳು. ನಿಮ್ಮ ಮಾವನಿಗೆ ಭಾರೀ ಹಮ್ಮು, ಕರೆದರೆ ಓಗೊಡುವುದಿಲ್ಲ ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ಅವರಿಗಿ ಕೇಳಂಗಿಲ್ಲಲ್ರಿ. ಖಣಿಯಾಗ ಕಲ್ಲಿಗಿ ಮದ್ದು ಹಾರ್ಸಿ ಹಾರ್ಸಿ ಕಿವಿ ಹೋಗ್ಯಾವ. ಮೂರು ವರ್ಷ ಆತು, ನಮ್ಮ ಬಾಯಿ ನೋಡೇ ತಿಳ್ಕೋತಾರ. ನಿಮಗ ಹೇಳಿಲ್ಲೇನ್ರಿ?"

ನಮಗೆ ಅವರ ಪರಿಚಯವಾಗಿ ಒಂದೂವರೆ ವರ್ಷವಾಗಿತ್ತು. ಎಷ್ಟು ಕಲ್ಲು, ಎಷ್ಟು ಅಂಚು. ಬಡಿದ ಸದ್ದು ಕೇಳಿಯೇ ಅವರು ಕಲ್ಲು ಗಟ್ಟಿಯೋ ಪೊಳ್ಳೋ ಹೇಳುತ್ತಾರೆಂದು ನಂಬಿದ್ದೆವು. ಸುನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಆಟೋ ಹತ್ತಿ ಹೊಳೆ ಅಂದೆ, ಯಾವ ಹೊಳೆ ಎಂದು ಆಟೋದವನು ಎರಡು ಸಲ ಕೇಳಬೇಕಾಯಿತು. ದಾರಿಯಲ್ಲಿ ಕಲ್ಲಿನ ಲಾರಿಗಳು ಅಡ್ಡ ಬರುತ್ತಿದ್ದವು. ಹಾಸುಗಲ್ಲಿನ ಮೇಲೆ ಬರಿಯ ಮುಕ್ಕಾಲಿ ನಿಂತಿದೆ, ಸುನಿ ಇಲ್ಲ ಎಂಬ ಚಿತ್ರ ಕಣ್ಣಿಗೆ ಕಟ್ಟಿ ಎಷ್ಟು ತಳ್ಳಿದರೂ ಹೋಗಲಿಲ್ಲ.

ಸುನಿ ಇದ್ದಳು. ನೀರಿನ ಮೇಲಕ್ಕೆ ಪಡಸಾಲೆಯಂತೆ ಚಾಚಿದ್ದ ಒಂದು ಹಾಸಿನ ತುದಿಯಲ್ಲಿ, ನನಗೆ ಬೆನ್ನು ಮಾಡಿ ಬಗ್ಗಿ ನಿಂತಿದ್ದಳು. ಹಾಸಿನ ಬುಡದಲ್ಲಿ ಚಾಚಾ, ಅವರದೂ ಬೆನ್ನೇ. ಕೂಗಿದರೆ ಅವರಿಗೆ ಕೇಳುವುದಿಲ್ಲ. ಅವಳಿಗೆ ಕೇಳಿ, ಬೆಚ್ಚಿ ಒಂದು ಹೆಜ್ಜೆ ಆಚೆ ಇಟ್ಟರೆ? ಬಾಯಿಗೆ ಸೆರಗು ಒತ್ತಿಕೊಂಡು ಸುತ್ತುಹಾಕಿ ಚಾಚಾನ ಎದುರಿಗೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ. ಸಲಾಕೆ ಎತ್ತಿ ಎರಡು ಸಲ ಬಡಿದರು, ಸುನಿ ಗೊಣಗುತ್ತ ಹಿಂದಕ್ಕೆ ಬಂದಳು. ಅವಳ ಕಾಲು ಗಟ್ಟಿ ನೆಲಕ್ಕೆ ತಾಗಿದೊಡನೆ ನಾನು ಅವಳ ರಟ್ಟೆ ಹಿಡಿದುಕೊಂಡೆ.

ಆಮೇಲೆ ಚಾಚಾನ ಮುಂದೆ ಒಂದೊಂದು ಅಕ್ಷರವೂ ಕಾಣುವಂತೆ ಬಾಯಿ ತೆರೆದು ಕೇಳಿದೆ. "ಕಿವಿ ಕೇಳಂಗಿಲ್ಲ ಅಂತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಕರೀತಿದ್ದಿಲ್ಲ ಟೀಚರಮ್ಮ." ಎಡಗೈ ಬಿಡಿಸಿ ತೋರಿಸಿದರು. "ಕಿವಿ ಬ್ಯಾಡ ಇದಕ್ಕ. ಕೈಗಿ ತಿಳೀತದ."

"ಕೈ ತಪ್ಪಿದ್ರ?"

ಅವರು ಬಿಡಿಸಿದ್ದ ಕೈಯನ್ನು ಮಡಚಿಕೊಂಡರು. ಮುಂದಿನ ವಾರದಿಂದ ಬರಬೇಡಿ ಅಂದುಬಿಟ್ಟೆ. ಹಾಗೆ ಅನ್ನಬಾರದಿತ್ತು ಎಂದು ಈಗಲೂ ನನಗೆ ಅನಿಸುವುದಿಲ್ಲ, ಆದರೆ ಮಕ್ಕಳಿಗೆ ಗದರುವ ದನಿಯಲ್ಲಿ ಅಂದೆ, ಅದಕ್ಕೆ ನಾಚಿಕೆಯಿದೆ. ಸುನಿ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು.

ನಾವಿಬ್ಬರೂ ಮತ್ತೆ ಅದೇ ಹೊಳೆಗೆ ಹೋದದ್ದು ಚಳಿಗಾಲದಲ್ಲಿ. ದಂಡೆಯುದ್ದಕ್ಕೂ ಕಲ್ಲುಗಳ ಮೇಲೆ, ಇಲ್ಲಿ ನಿಲ್ಲಬೇಡ ಎಂಬಂತೆ, ಕೆಂಪು ಬಣ್ಣದಲ್ಲಿ ಗುಣಿಸು ಚಿಹ್ನೆ ಎಳೆದಿತ್ತು. ಒಬ್ಬ ಮುದುಕ ದಿನಾ ಮೊದಲ ಬಸ್ಸಿಗೆ ಬಣ್ಣದ ಡಬ್ಬಿ ಹಿಡಿದು ಬಂದು ಕಲ್ಲು ಬಡಿಯುತ್ತಾನೆ, ಹುಚ್ಚನಿರಬೇಕು ಎಂದು ಮೀನು ಹಿಡಿಯುವವರು ಹೇಳಿದರು. ಹಳೆಯ ಗಣಿಯಲ್ಲೂ ಇದ್ದವು, ಅಷ್ಟು ದೂರದ ಚಂದ್ರಂಪಳ್ಳಿಯಲ್ಲೂ ಇದ್ದವು. ಸುನಿ ಅಂದು ನಿಂತಿದ್ದ ಹಾಸಿನ ಮೇಲೂ ಒಂದಿತ್ತು. ಅವಳು ನಕ್ಕಳು. ಅರ್ಧ ತಾಸು ನಿಂತವಳಿಗೆ ಏನೂ ಆಗಲಿಲ್ಲ, ಪಾಪ, ಅಕ್ಕನ ಬೈಗುಳಕ್ಕೆ ಹೆದರಿ ಕಂಡಕಂಡ ಕಲ್ಲಿಗೆಲ್ಲ ಹಾಕಿದ್ದಾರೆ ಅಂದಳು. ನಾನೂ ಹಾಗೇ ಅಂದುಕೊಂಡೆ.

ಆ ಬೇಸಿಗೆಯಲ್ಲಿ ಮೌಲಾ ಚಾಚಾ ಕಾಮಾಲೆಯಿಂದ ತೀರಿಕೊಂಡರು. ಅದಕ್ಕೆ ನಾಲ್ಕು ದಿನ ಮೊದಲು ನಾನೊಬ್ಬಳೇ ನೋಡಲಿಕ್ಕೆ ಹೋಗಿದ್ದೆ. ಹೊರಸಿನ ಮೇಲೆ ಮಲಗಿದ್ದರು, ಕಣ್ಣು ಹಳದಿಯಾಗಿತ್ತು, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು. ಅವರಿಗೆ ನನ್ನ ಬಾಯಿ ಕಾಣುವಂತೆ ಬಗ್ಗಿ, ತಪ್ಪಾಯಿತು ಅಂದೆ. ಅವರು ಕೈ ಅಲ್ಲಾಡಿಸಿದರು. ನಗಿಸಬೇಕೆಂದು, "ಸುನಿ ನಿಂತಿದ್ದ ಕಲ್ಲಿಗೂ ಹಾಕಿ ಬಂದೀರಲ್ಲ ಚಾಚಾ," ಅಂದೆ.

ಅವರು ಬಾಗಿಲ ಕಡೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದರು. "ಮದ್ಲು ಅದಕ್ಕೇ ಹಾಕಿದ್ದು. ನೀವು ಬೈದ ಮರುದಿನ ಹೋಗಿ ಮತ್ತ ಬಡದು ನೋಡ್ದೆ, ಕೆಳಗ ನೀರು ತಿಂದಿತ್ತು. ಬೇಟಿಗಿ ಹೇಳಬ್ಯಾಡ್ರಿ."

ಆ ಹಾಸಿನ ತುದಿಯಿಂದ ತೆಗೆದ ಫೋಟೊ ಸುನಿಯ ಸ್ಟುಡಿಯೋ ಗೋಡೆಯ ಮೇಲಿದೆ. ಬಂದವರು ಅದರ ಮುಂದೆ ನಿಂತು, ಇಷ್ಟು ತುದಿಗೆ ಹೋಗಿದ್ದಿರಲ್ಲ, ಅಂಜಿಕೆ ಆಗಲಿಲ್ಲವೇ ಎಂದು ಕೇಳುತ್ತಾರೆ. ನಮ್ಮ ಚಾಚಾ ಬಡಿದು ನೋಡಿ ಕೊಟ್ಟ ಕಲ್ಲದು, ಅಂಜಿಕೆ ಯಾಕೆ, ಬೇಕಾದರೆ ಅಕ್ಕನನ್ನು ಕೇಳಿ ಅನ್ನುತ್ತಾಳೆ ಸುನಿ. ನಾನು ಹೌದು ಅನ್ನುತ್ತೇನೆ.